ಕೇಳದೆ ಹೇಳಿದ ಮಾತು

ಈಚೆಗೆ ನನಗೊಂದು ಹೊಸ ಚಟ ಅಂಟಿಕೊಂಡಿದೆ. ಯಾರಾದರೂ ಏನಾದರೂ ಕೇಳಿದರೆ ಎದ್ದು ಹೋಗಿ ನೋಡಿ ಬಂದೇ ಉತ್ತರ ಹೇಳುತ್ತೇನೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುವ ಹೆಂಡತಿ, “ಹಾಲಿನಾಂವ ಬಂದು ಹೋದ್ನೇನ್ರಿ?” ಎಂದು ಕೂಗಿದಳೆನ್ನಿ. ಐದು ನಿಮಿಷದ ಹಿಂದೆ ನಾನೇ ಪಾತ್ರೆ ಹಿಡಿದು ಹಾಲು ಹಾಕಿಸಿಕೊಂಡಿರುತ್ತೇನೆ. ಆದರೂ ಅಡುಗೆಮನೆಗೆ ಹೋಗಿ, ಮುಚ್ಚಳ ಸರಿಸಿ, ಹಾಲು ಇದೆ ಎಂದು ಕಣ್ಣಾರೆ ಕಂಡು, ಆಮೇಲೆ ಬಾಗಿಲಿಗೆ ಬಂದು “ಬಂದು ಹೋದ” ಎನ್ನುತ್ತೇನೆ. ಅಷ್ಟರಲ್ಲಿ ಅವಳೇ ಒದ್ದೆ ಕೈಯಲ್ಲಿ ಒಳಗೆ ಬಂದಿರುತ್ತಾಳೆ.

“ಒಂದು ಹೌದು ಅನ್ನಾಕ ಇಷ್ಟೊತ್ತು ಬೇಕೇನ್ರಿ ನಿಮಗ? ನಿಕಾ ದಿನಾನೂ ಹಿಂಗ ಮಾಡಿದ್ರ ಖಾಜಿ ಎದ್ದು ಹೋಗ್ತಿದ್ದ,” ಎನ್ನುತ್ತಾಳೆ.

ನಗಬೇಕಾದ ಮಾತು. ನನಗೆ ನಗು ಬರುವುದಿಲ್ಲ. ಹೌದು ಎನ್ನುವ ಎರಡಕ್ಷರ ನಾಲಿಗೆಯ ತುದಿಗೆ ಬಂದರೆ ಸಾಕು, ಕಾಲು ತಾನಾಗಿಯೇ ನೋಡಿ ಬರಲು ಏಳುತ್ತದೆ. ಒಂದು ಗುರುವಾರ ಸಂಜೆ ಆ ಎರಡಕ್ಷರವನ್ನು ನಾನು ಬಹಳ ಸಲೀಸಾಗಿ ಹೇಳಿಬಿಟ್ಟೆ. ಅದರ ಫಲವನ್ನು ನನ್ನ ತಂಗಿ ಉಂಡಳು.

ನನ್ನ ಹೆಸರು ದಸ್ತಗೀರ. ಇಬ್ರಾಹಿಂಪುರದಲ್ಲಿ, ರೈಲು ಹಾದುಹೋದರೆ ಗೋಡೆಯ ಮೊಳೆಗೆ ತೂಗುಹಾಕಿದ ಕತ್ತರಿ ಅಲುಗಾಡುವಷ್ಟು ಹತ್ತಿರದಲ್ಲಿ, ನನ್ನ ಗಾದಿ ಅಂಗಡಿ ಇದೆ. ಹಳೆಯ ಗಾದಿ ಬಿಚ್ಚಿ, ಹತ್ತಿ ಪಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಮನೆತನದ ಕಸುಬು. ಕಲಿತದ್ದು ಆರನೆಯ ತರಗತಿ, ಅದೂ ಪರೀಕ್ಷೆಗೆ ಕೂಡದೆ. ಮೈಗೆ ಅಂಟಿದ ಹತ್ತಿಯ ಧೂಳಿನಿಂದ ನಾನು ಸೀನುತ್ತಿದ್ದೆ, ನನ್ನ ಸೀನಿನಿಂದ ಮಾಸ್ತರರ ಲೆಕ್ಕ ತಪ್ಪುತ್ತಿತ್ತು. ಅವರು ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದರು, ಆಮೇಲೆ ಬಾಗಿಲ ಹತ್ತಿರ ಕೂರಿಸಿದರು. ಬಾಗಿಲಿನಿಂದ ಹೊರಗೆ ಹೋಗಿದ್ದು ಮಾತ್ರ ನಾನೇ. ಈ ಬರಹದ ತಪ್ಪು ತಿದ್ದಿಕೊಡು ಎಂದು ತಂಗಿಯನ್ನು ಕೇಳಿದೆ. “ನಿನ್ನ ಮಾತಿಗೆ ನಾ ಕೈ ಹಚ್ಚಂಗಿಲ್ಲ” ಎಂದಳು. ಹಾಗಾಗಿ ತಿದ್ದಿದವರು ಬೇರೆಯವರು. ತಪ್ಪು ಮಾಡಿದವನು ನಾನೇ.

ನಮ್ಮ ಕಸುಬಿನಲ್ಲಿ ಗಿರಾಕಿಗೆ ನಮ್ಮ ಮೇಲೆ ನಂಬಿಕೆ ಕಡಿಮೆ. ಬಿಚ್ಚಿದ ಗಾದಿಯ ಒಳ್ಳೆಯ ಹತ್ತಿಯನ್ನು ತೆಗೆದಿಟ್ಟು ಕೊಳೆ ಹತ್ತಿ ತುಂಬುತ್ತಾರೆ ಎಂಬ ಭಯ ಎಲ್ಲರಿಗೂ. ನಾನು ಸಣ್ಣವನಿದ್ದಾಗ ಟಿಕೋಟಾದ ಒಬ್ಬ ಮುದುಕಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ದಿನವಿಡೀ ನಮ್ಮೆದುರು ಕೂತಿದ್ದಳು. ನೀರು ಕುಡಿಯಲು ಎದ್ದರೂ ಗಾದಿಯ ಮೇಲಿನ ಕಣ್ಣು ತೆಗೆಯಲಿಲ್ಲ. “ನಮ್ಮ ಹತ್ತಿ ನಮಗ ಕೊಡಪ್ಪಾ, ಮಂದೀದು ಬ್ಯಾಡ” ಎಂದು ಗಳಿಗೆಗೊಮ್ಮೆ ಹೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅಪ್ಪನಿಗೆ ಬರುತ್ತಿರಲಿಲ್ಲ. ಗಾದಿ ಬಿಚ್ಚಿದ ಕೂಡಲೇ ಅವರು ಒಂದು ಹಿಡಿ ಹತ್ತಿ ತೆಗೆದು ಗಿರಾಕಿಯ ಕೈಗೆ ಕೊಡುತ್ತಿದ್ದರು. “ಸೆರಗಿನ್ಯಾಗ ಗಂಟ ಹಾಕ್ಕೋ ಬೇ. ಕಡೀಗೆ ತಾಳೆ ನೋಡು. ನನ್ನ ಮಾತ ಕೇಳಬ್ಯಾಡ, ನಿನ್ನ ಗಂಟ ಕೇಳು” ಎನ್ನುತ್ತಿದ್ದರು. ಇಂಥ ಮನುಷ್ಯನ ಮಗ ನಾನು. ನೆನೆದರೆ ಇನ್ನಷ್ಟು ಸಂಕಟ.

ತಂಗಿ ರಜಿಯಾ ನನಗಿಂತ ಹನ್ನೊಂದು ವರ್ಷ ಸಣ್ಣವಳು. ಹತ್ತಿಯ ಮೂಟೆಯ ಮೇಲೆ ಅವಳನ್ನು ಕೂರಿಸಿ ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದವನು ನಾನು. ಅವಳಿಗೆ ನಾನು ಹೇಳಿದ್ದೇ ವೇದ, ಹೇಳಿದ್ದೇ ಕುರಾನು. ಓಣಿಯ ಹುಡುಗಿಯರ ಜತೆ ಜಗಳ ಬಿದ್ದರೆ, “ನಮ್ಮಣ್ಣ ಹೇಳ್ಯಾನ” ಎಂದು ಜಗಳವನ್ನು ಅಲ್ಲಿಗೇ ಮುಗಿಸುತ್ತಿದ್ದಳು. ಅವಳಿಗೆ ಆರೋ ಏಳೋ ವರ್ಷವಿದ್ದಾಗ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಸಲ ಕೂಗಿದರೆ ಹಲವು ಸಲ ಕೇಳುತ್ತದಲ್ಲ, ಅದು ಹೇಗೆ ಎಂದು ಕೇಳಿದಳು. ನನಗೇನು ಗೊತ್ತು? “ಗ್ವಾಡಿ ಒಳಗ ಸರಕಾರದವರು ಏಳು ಮಂದೀನ ಕುಂದರ್ಸ್ಯಾರ, ಒಬ್ಬೊಬ್ಬರ ತಿರುಗಿ ಒದರತಾರ” ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

“ಅವ್ರು ಊಟಕ್ಕ ಯಾವಾಗ ಹೋಗ್ತಾರ ಅಣ್ಣಾ?”

“ಮಧ್ಯಾಹ್ನ ಒಂದಕ್ಕ.”

ಒಂದು ಗಂಟೆಯಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಒಂದಕ್ಕೆ ಕೂಗಿದಳು, ಒಂದೂ ಕಾಲಿಗೆ ಕೂಗಿದಳು. “ಇವತ್ತ ಯಾರೂ ಊಟಕ್ಕ ಹೋಗಿಲ್ಲ ಅಣ್ಣಾ, ಪಾಪ” ಎಂದು ಮುಖ ಸಣ್ಣದು ಮಾಡಿದಳು. ನನ್ನ ಮಾತು ಸುಳ್ಳಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಆ ಏಳು ಜನ ಉಪವಾಸ ಇದ್ದಾರೆ ಎಂದುಕೊಂಡಳು. ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ.

ಅಂಥವಳು ಓದಿ, ಪದವಿ ಮುಗಿಸಿ, ನಮ್ಮೂರಿನ ಒಂದು ಸಣ್ಣ ದಿನಪತ್ರಿಕೆಗೆ ವರದಿಗಾರ್ತಿಯಾದಳು. ವರದಿಗಾರ್ತಿ ಎಂದರೆ ಕುರ್ಚಿ, ಮೇಜು ಎಲ್ಲ ಇರುತ್ತದೆ ಎಂದು ನಾನು ತಿಳಿದಿದ್ದೆ. ಅವಳದು ಬಿಡಿ ಸುದ್ದಿಯ ಕೆಲಸ. ಕಳಿಸಿದ ಸುದ್ದಿ ಅಚ್ಚಾದರೆ ಆಯಿತು, ಇಲ್ಲವಾದರೆ ಇಲ್ಲ. ಬಸ್ಸು ಹಿಡಿದು ಟಿಕೋಟಾಕ್ಕೆ ಹೋಗುವಳು, ಬಬಲೇಶ್ವರಕ್ಕೆ ಹೋಗುವಳು, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುವಳು. ನಾಲ್ಕು ವರ್ಷ ಹೀಗೇ ಹೋಯಿತು. ಕಳೆದ ಮಳೆಗಾಲ ಮುಗಿದ ಮೇಲೆ ಅಥಣಿ ರಸ್ತೆಯ ಒಂದು ಸಭಾಭವನದಲ್ಲಿ ಕೆಲಸದಲ್ಲಿರುವ ಪತ್ರಕರ್ತರಿಗಾಗಿ ಆರು ದಿನದ ತರಬೇತಿ ಶಿಬಿರ ನಡೆಯಿತು. ಅವಳಿಗೂ ಕರೆ ಬಂತು. ಅವಳ ಪತ್ರಿಕೆಯ ಮಾಲಕರು ಇನ್ನೊಂದು ಮಾತು ಹೇಳಿದ್ದರು: ಟಿಕೋಟಾ, ಬಬಲೇಶ್ವರ ಎರಡಕ್ಕೂ ಸೇರಿ ಒಬ್ಬ ಕಾಯಂ ವರದಿಗಾರರು ಬೇಕು. ನಮ್ಮ ಪತ್ರಿಕೆಯಿಂದ ಶಿಬಿರಕ್ಕೆ ಹೋದ ಮೂವರಲ್ಲಿ ಯಾರ ಬರಹ ಒಳ್ಳೆಯದಾಗುತ್ತದೋ ಅದು ಭಾನುವಾರದ ಪುಟದಲ್ಲಿ ಬರುತ್ತದೆ, ಜಾಗವೂ ಅವರಿಗೇ.

ಮೊದಲ ಮೂರು ದಿನ ನಮ್ಮ ಮನೆಯೇ ಶಿಬಿರವಾಯಿತು. ರೊಟ್ಟಿ ಸೀದರೆ ರಜಿಯಾ ಪೆನ್ನು ಹಿಡಿದು ಅತ್ತಿಗೆಯ ಮುಂದೆ ನಿಲ್ಲುವಳು. “ಯಾವಾಗ ಸೀತು? ಆಗ ಒಲಿ ಮುಂದ ಯಾರಿದ್ರು? ಸೀದಿದ್ದನ್ನ ನೀವ ಕಣ್ಣಿಲೆ ನೋಡೀರೇನು?” ನನ್ನ ಹೆಂಡತಿ, “ರೊಟ್ಟಿ ಸೀದಾಗ ನಿಮ್ಮಣ್ಣ ಮಾತಾಡಾಕತ್ತಿದ್ರು, ಅವರನ್ನ ಕೇಳವಾ” ಎನ್ನುವಳು. ತಂಗಿ ನನ್ನ ಕಡೆ ತಿರುಗುವಳು. ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ಶಿಬಿರ ನಡೆಸುತ್ತಿದ್ದವರು ಹಿರಿಯರು, ಪತ್ರಿಕೆಯ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ಅವರು, “ನಿಮ್ಮಲ್ಲಿ ಒಬ್ಬ ಬರದದ್ದನ್ನ ಏಳು ಮಂದಿ ತಮ್ಮ ತಮ್ಮ ಹೆಸರಿಲೆ ಕಳಸ್ತೀರಿ, ಹೌದಿಲ್ಲೋ?” ಎಂದು ಕೇಳಿದರಂತೆ. ನಲವತ್ತು ಜನರ ಸಭೆ ಒಮ್ಮೆಲೇ ಕೆಮ್ಮಿತಂತೆ. ಅವರು ಹಾಕಿಕೊಟ್ಟ ಪಾಠ ಒಂದೇ: ಯಾರ ಮೇಲಾದರೂ ದೂರು ಇದ್ದರೆ ದೂರಿದವರನ್ನು ಕೇಳಿದಷ್ಟೇ ಅವನನ್ನೂ ಕೇಳಬೇಕು. ಫೋನಿನಲ್ಲಾದರೂ ಕೇಳಿ, ಎದುರಿಗಾದರೂ ಕೇಳಿ, ನಿಮ್ಮ ಕಿವಿಯಿಂದ ಕೇಳಿ. ಮರುದಿನ ಸಂಜೆಯೊಳಗೆ ಒಂದೊಂದು ಸುದ್ದಿ ಬರೆದು ಕೊಡಲು ಬುಧವಾರ ಎಲ್ಲರಿಗೂ ಹೇಳಿದರು.

ರಜಿಯಾಳ ಹತ್ತಿರ ಒಂದು ಸುದ್ದಿ ಇತ್ತು. ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯಲ್ಲಿ (ಹೆಸರು ಬೇಡ) ಗ್ರಂಥಾಲಯಕ್ಕೆ ತಿಂಗಳುಗಟ್ಟಲೆ ಬೀಗ ಬಿದ್ದಿದೆ, ಮೇಲ್ವಿಚಾರಕ ಬರುವುದೇ ಇಲ್ಲ ಎಂದು ಆ ಊರಿನ ಇಬ್ಬರು ಟಿಕೋಟಾದ ಸಂತೆಯಲ್ಲಿ ಅವಳಿಗೆ ಹೇಳಿದ್ದರು. ಮೇಲ್ವಿಚಾರಕನ ಹೆಸರು ಸಿದ್ರಾಮಪ್ಪ. ಅವಳು ಹನ್ನೊಂದು ಸಲ ಫೋನು ಮಾಡಿದಳು, ಎತ್ತಲಿಲ್ಲ. ಶಿಬಿರ ಬೆಳಗಿನಿಂದ ಸಂಜೆಯ ತನಕ, ಬಿಟ್ಟು ಹೋಗುವಂತಿಲ್ಲ. ಗುರುವಾರ ನಾನು ಟಿಕೋಟಾದ ಒಂದು ಮದುವೆ ಮನೆಗೆ ಗಾದಿ ಮುಟ್ಟಿಸಲು ಹೋಗುವವನಿದ್ದೆ.

“ಅಣ್ಣಾ, ಅಲ್ಲಿಂದ ಹಂಗ ಬಬಲೇಶ್ವರ ಕಡೆ ಹೋಗಿ ಅವನ್ನ ಒಂದು ಮಾತು ಕೇಳ್ಕೊಂಡು ಬಾ. ಬೀಗ ಹಾಕಿದ್ದು ಖರೇನ? ಖರೇ ಇದ್ರ ಯಾಕ? ಅವ ಏನಂತಾನೋ ಅದ ಮಾತು, ಅವನ ಬಾಯಾಗಿಂದ ಬಂದಂಗ.”

“ನನಗ ಇಂಥಾದ್ದು ಬರಂಗಿಲ್ಲವಾ.”

“ಗಾದ್ಯಾಗ ಎಷ್ಟು ಹತ್ತಿ ತುಂಬ್ಲಿ ಅಂತ ದಿನಾ ಕೇಳ್ತೀಯಲ್ಲ, ಹಂಗ ಕೇಳು,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಸರ್ ನನ್ನ ಕಿವೀಲೆ ಕೇಳು ಅಂದಾರ. ನೀ ಕೇಳಿದ್ರ ನಾ ಕೇಳಿದಂಗ,” ಎಂದಳು.

ಆ ಮಾತು ನನಗೆ ಎಷ್ಟು ಹಿಗ್ಗು ಕೊಟ್ಟಿತೆಂದರೆ, ಅದರ ತೂಕ ನನಗೆ ತಿಳಿಯಲಿಲ್ಲ.

ಗುರುವಾರ ಆದದ್ದನ್ನು ಈಗ ಹೇಳಲೇಬೇಕು. ಟಿಕೋಟಾದ ಮದುವೆ ಮನೆಯವರು ಒಳ್ಳೆಯವರು. ಹೊಸ ಗಾದಿಗಳನ್ನು ಇಳಿಸಿ, ಹಾಸಿ, ಹೊಲಿಗೆಯ ಗಂಟು ನೋಡುವಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು. ಹೋಳಿಗೆ, ತುಪ್ಪ, ಮತ್ತೆ ಹೋಳಿಗೆ. ಉಂಡ ಮೇಲೆ ಮನೆಯ ಯಜಮಾನರು, “ಗಾದಿ ಮೆತ್ತಗ ಅದಾವೋ ಇಲ್ಲೋ, ನೀವ ಒಂಚೂರು ಅಡ್ಡಾಗಿ ಹೇಳ್ರಿ” ಎಂದರು. ತಮಾಷೆಗೆ ಅಂದದ್ದು. ನಾನು ಅಡ್ಡಾದೆ. ಹುಟ್ಟಿದಾಗಿನಿಂದ ಹತ್ತಿಯಲ್ಲಿ ಬೆಳೆದ ನಾನು ಹೊಸ ಗಾದಿಯ ಮೇಲೆ ಮಲಗಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಗಿರಾಕಿಗಳು ಬಿಟ್ಟುಹೋದ ಹತ್ತಿಯ ಗಾದಿಗಳೇ. ಕಣ್ಣು ತೆರೆದಾಗ ಅಂಗಳದಲ್ಲಿ ಬಿಸಿಲು ಓರೆಯಾಗಿತ್ತು, ನನ್ನ ಎದೆಯ ಮೇಲೆ ಯಾರೋ ಚಾದರ ಹೊದಿಸಿದ್ದರು, ಕಿಸೆಯಲ್ಲಿ ಫೋನು ಗುರುಗುಟ್ಟುತ್ತಿತ್ತು.

“ಅಣ್ಣಾ, ಕೇಳಿದೇನು?” ರಜಿಯಾ. ಅವಳ ಹಿಂದೆ ಹತ್ತಾರು ಜನರ ಗದ್ದಲ. “ಇನ್ನ ಅರ್ಧಾ ತಾಸಿನ್ಯಾಗ ಬರದು ಕೊಡಬೇಕು. ಬೀಗ ಹಾಕ್ಯಾನಂತ? ಹೌದೇನು?”

ನಿದ್ದೆ ಹತ್ತಿತು ಎಂದಿದ್ದರೆ ಬೈದು ಬಿಡುತ್ತಿದ್ದಳು. ಬೇರೆ ಏನಾದರೂ ಬರೆಯುತ್ತಿದ್ದಳು. ಅಷ್ಟೇ ಆಗುತ್ತಿತ್ತು. ಆದರೆ ತಂಗಿ ಒಂದು ಕೆಲಸ ಹೇಳಿದಾಗ ಹೋಳಿಗೆ ತಿಂದು ಮಲಗಿದೆ ಎನ್ನಲು ನನಗೆ ನಾಚಿಕೆಯಾಯಿತು.

“ಹೌದು,” ಎಂದೆ.

“ಯಾಕಂತ? ಏನಂದ? ಅವನ ಮಾತ ಹೇಳು, ಬರಕೋತೀನಿ.”

ಅಲ್ಲಿಗೆ ನಿಲ್ಲಬಹುದಿತ್ತು. ನಾನು ಬಾಗಿಲಾಚೆ ನೋಡಿದೆ. ಮದುವೆ ಮನೆಯ ಹೊಸ್ತಿಲ ಹತ್ತಿರ ಒಂದು ಕಂದು ನಾಯಿ ಹೋಳಿಗೆಯ ವಾಸನೆಗೆ ಒಳಗೆ ಇಣುಕುತ್ತಿತ್ತು.

“ಓದವರು ಯಾರು ಬರ್ತಾರ, ಬಾಗಲಾ ತಗದು ಕುಂತ್ರ ನಾಯಿ ಬರ್ತಾವ ಅಷ್ಟ, ಅಂದ.”

ಅವಳು ಅದನ್ನು ಬಾಯಲ್ಲಿ ಅನ್ನುತ್ತಾ ಬರೆದುಕೊಂಡಳು. ಆಮೇಲೆ, “ಅಣ್ಣಾ! ಹಿಂಗ ಅಂದ್ನ?” ಎಂದಳು. ಅವಳ ದನಿಯಲ್ಲಿ ಎಂಥ ಸಂತೋಷ! ಸಿದ್ರಾಮಪ್ಪ ಎಂಬ ಮನುಷ್ಯನ ಮುಖವನ್ನೇ ನಾನು ಕಂಡಿರಲಿಲ್ಲ.

ಶುಕ್ರವಾರ ಸಂಜೆ ರಜಿಯಾ ಜಿಲೇಬಿ ಕಟ್ಟಿಸಿಕೊಂಡು ಬಂದಳು. ಕಂಕುಳಲ್ಲಿ ಶಿಬಿರದವರು ಅಚ್ಚು ಹಾಕಿದ ನಾಲ್ಕು ಪುಟದ ಅಭ್ಯಾಸ ಪತ್ರಿಕೆ. ಮೊದಲ ಪುಟದಲ್ಲಿ ಅವಳ ಹೆಸರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬಾಗಿಲು ತೆರೆದರೆ ನಾಯಿಗಳು ಬರುತ್ತವೆ!’ ನಾನು ಆರನೆಯ ತರಗತಿಯವನು, ಒಂದೊಂದೇ ಅಕ್ಷರ ಕೂಡಿಸಿ ಓದುವವನು. ಅದನ್ನು ಮಾತ್ರ ಒಂದೇ ಏಟಿಗೆ ಓದಿದೆ.

“ಸರ್ ಎಲ್ಲರ ಮುಂದ ಓದಿದ್ರು ಅಣ್ಣಾ. ಇಡೀ ಸುದ್ದಿ ಒಂದು ಕಡೆ, ಈ ಒಂದು ಮಾತು ಒಂದು ಕಡೆ ಅಂದ್ರು. ಇದು ನೀ ತಂದದ್ದು. ತಗೋ, ಬಾಯಿ ತಗಿ.”

ಜಿಲೇಬಿ ಬಾಯಲ್ಲಿಟ್ಟಳು. ಅಗಿಯುತ್ತಾ ಆ ದಪ್ಪ ಅಕ್ಷರಗಳನ್ನೇ ನೋಡಿದೆ.

“ನಾಳೆ ಕಡೀ ದಿನ,” ಎಂದಳು. “ಊಟ ಆದಮ್ಯಾಗ ಸರ್ ಒಂದೊಂದು ಸುದ್ದಿ ತಗೊಂಡು, ಅದರಾಗ ಯಾರ ಮಾತು ಐತೋ ಅವರಿಗೆ ತಾವ ಫೋನ್ ಹಚ್ಚಿ ಎಲ್ಲಾರಿಗೂ ಕೇಳೂ ಹಂಗ ಇಡ್ತಾರಂತ. ನೀವು ಹಿಂಗ ಅಂದೀರೇನ್ರಿ ಅಂತ ಕೇಳ್ತಾರಂತ. ಪಾಪ, ಕೆಲವರ ಮಾರಿ ಬಾಡಿ ಹೋಗೇತಿ.” ಅವಳು ನಕ್ಕಳು. “ನನಗೇನು ಅಂಜಿಕಿ?”

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. “ರಜಿಯಾ” ಎಂದೆ. ಅವಳು “ಏನಣ್ಣಾ?” ಎಂದಳು. “ಇನ್ನೊಂದು ಜಿಲೇಬಿ ಕೊಡು” ಎಂದೆ.

ಶನಿವಾರ ಬೆಳಕು ಹರಿದ ಕೂಡಲೇ ಹತ್ತಿ ತರುತ್ತೇನೆ ಎಂದು ಮನೆಯಲ್ಲಿ ಹೇಳಿ, ಮೂರು ಗಾಲಿಯ ಲಗೇಜ್ ಗಾಡಿ ತೆಗೆದುಕೊಂಡು ಬಬಲೇಶ್ವರದ ದಾರಿ ಹಿಡಿದೆ. ನನ್ನ ಬಗ್ಗೆ ನಿಮಗೆ ಇನ್ನೂ ಒಂದಿಷ್ಟು ಒಳ್ಳೆಯ ಅಭಿಪ್ರಾಯ ಉಳಿದಿದ್ದರೆ ಅದನ್ನೂ ಈಗಲೇ ಬಿಡಿಸಿಬಿಡುತ್ತೇನೆ. ನಾನು ನಿಜ ಏನೆಂದು ಕೇಳಲು ಹೋಗಲಿಲ್ಲ. ಆ ಮನುಷ್ಯನ ಕಾಲು ಹಿಡಿದು, “ಮಧ್ಯಾಹ್ನ ಫೋನು ಬಂದರೆ ಹೌದು, ನಾನು ಹಾಗೆ ಅಂದಿದ್ದೆ ಅನ್ರಿ” ಎಂದು ಬೇಡಿಕೊಳ್ಳಲು ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಅದನ್ನೇ. ತೊಗರಿಯ ಹೊಲ, ದ್ರಾಕ್ಷಿಯ ತೋಟ ಯಾವುದೂ ಕಣ್ಣಿಗೆ ಬೀಳಲಿಲ್ಲ. ಗಾಡಿಯ ಹಿಂದೆ ಬಿದ್ದಿದ್ದ ಒಂದು ಖಾಲಿ ಚೀಲ ಗಾಳಿಗೆ ಪಟಪಟ ಎಂದಾಗಲೆಲ್ಲ ಫೋನು ಬಡಿದುಕೊಂಡಿತೆಂದು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಗ್ರಂಥಾಲಯಕ್ಕೆ ಬೀಗ ಇದ್ದದ್ದು ನಿಜ. ಕಿಟಕಿಯಿಂದ ನೋಡಿದೆ. ಒಳಗೆ ಛಾವಣಿಯ ಸಿಮೆಂಟು ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಬಿದ್ದಿತ್ತು, ಕಪಾಟುಗಳು ಬರಿದಾಗಿದ್ದವು. ಸಿದ್ರಾಮಪ್ಪನ ಮನೆ ಎಲ್ಲಿ ಎಂದು ದಾರಿಹೋಕನನ್ನು ಕೇಳಿದೆ. “ಮನ್ಯಾಗ ಯಾಕ ಇರ್ತಾನ ಅಂವ? ಅವರಕ್ಕನ ಗಿರಣಿಗೆ ಹೋಗ್ರಿ” ಎಂದ.

ಹಿಟ್ಟಿನ ಗಿರಣಿ ದಡದಡ ಓಡುತ್ತಿತ್ತು. ಅದರ ಪಡಸಾಲೆಯಲ್ಲಿ, ಜೋಳದ ಬುಟ್ಟಿಗಳ ನಡುವೆ, ಹತ್ತು ಹನ್ನೆರಡು ಜನ ಪಾಳಿಗೆ ಕೂತಿದ್ದರು. ಅವರ ಕೈಯಲ್ಲಿ ಪುಸ್ತಕಗಳಿದ್ದವು. ಗೋಡೆಗೆ ಹಗ್ಗ ಕಟ್ಟಿ ಅವತ್ತಿನ ಪತ್ರಿಕೆಗಳನ್ನು ತೂಗುಹಾಕಿದ್ದರು. ಹಿಂದೆ ಇಟ್ಟಿಗೆಯ ಮೇಲೆ ಹಲಗೆ ಇಟ್ಟು ಪುಸ್ತಕ ಜೋಡಿಸಿದ್ದರು. ಒಬ್ಬ ಮುದುಕ ಗಿರಣಿಯ ಸದ್ದಿಗಿಂತ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಓದಲು ಬಾರದ ಇಬ್ಬರು ಹೆಂಗಸರು ಅವನ ಎರಡು ಕಡೆ ಕಿವಿಗೊಟ್ಟು ಕೂತಿದ್ದರು. ಹುಬ್ಬಿಗೆಲ್ಲ ಹಿಟ್ಟು ಹತ್ತಿದ ಒಬ್ಬ ತೆಳ್ಳಗಿನ ಮನುಷ್ಯ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೂಗಿದ:

“ಜ್ವಾಳ ಏನು, ಪುಸ್ತಕ ಏನ್ರಿ?”

ಅವನೇ ಸಿದ್ರಾಮಪ್ಪ. ನಾನು, “ಗ್ರಂಥಾಲಯ ಬಂದ್ ಮಾಡೀರಂತಲ್ರಿ” ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ! ಅವನು ನಕ್ಕ.

“ಬಂದ್ ಎಲ್ಲಿ ಮಾಡೀನ್ರಿ? ಮಳ್ಯಾಗ ಮ್ಯಾಲಿನ ಪದರು ಬಿತ್ತು. ನಾ ಕುಂತ ಕುರ್ಚಿ ಮ್ಯಾಲ ಬಿತ್ತು, ಚಾ ಕುಡ್ಯಾಕ ಎದ್ದಿದ್ದೆ ಅಂತ ಇವತ್ತ ನಿಮ್ಮ ಮುಂದ ಅದೀನಿ. ಅರ್ಜಿ ಕೊಟ್ಟೀನಿ. ಅಲ್ಲೀತನಾ ಪುಸ್ತಕ ನೀರಾಗ ಬಿಡಲ್ಯಾ? ಚಕ್ಕಡ್ಯಾಗ ಹಾಕ್ಕೊಂಡು ಇಲ್ಲಿ ತಂದೆ. ಅಲ್ಲಿ ದಿನಕ್ಕ ಮೂರು ಮಂದಿ ಬರ್ತಿದ್ರು. ಇಲ್ಲಿ ಹಿಟ್ಟು ಬೀಸಾಕ ಬಂದವರೆಲ್ಲಾ ಓದವರ!”

“ಫೋನ್ ಎತ್ತಂಗಿಲ್ಲಲ್ರಿ ನೀವು?”

ಅವನು ಗಿರಣಿಯ ಕಡೆ ಕೈ ತೋರಿಸಿದ. ಅಷ್ಟರಲ್ಲಿ ಗಿರಣಿಯ ಒಡತಿ, ಅವನ ಅಕ್ಕ ಗುರುಬಾಯಿ, ನನ್ನ ಕೈಗೆ ಚಹಾದ ಬಟ್ಟಲು ಕೊಟ್ಟಳು. “ಇಷ್ಟು ಮುಂಜಾನೆ ಬಂದೀಯಪ್ಪಾ, ಕುಡಿ” ಎಂದಳು. ಕುಡಿದೆ. ಆ ಮನುಷ್ಯನ ಎದುರಿಗೆ, ‘ನಾಯಿ ಬರ್ತಾವ’ ಎಂದು ನೀನು ಅಂದೆ ಎಂದು ಹೇಳು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಭಾನುವಾರ ಅದು ಪತ್ರಿಕೆಯಲ್ಲಿ ಬಂದರೆ ಅವನ ಕೆಲಸ ಉಳಿಯುವುದೇ? ಹಿಟ್ಟಿನ ಹೆಬ್ಬೆರಳಿನ ಗುರುತು ಬಿದ್ದ ಒಂದು ವಹಿಯಲ್ಲಿ ಅವನು ಪುಸ್ತಕ ಒಯ್ದವರ ಹೆಸರು ಬರೆಯುತ್ತಿದ್ದ. ನಾನು ಬಟ್ಟಲು ಇಟ್ಟು ಗಾಡಿ ಹತ್ತಿದೆ.

ದಾರಿಯಲ್ಲಿ ಗಾಡಿ ನಿಲ್ಲಿಸಿ ನಿಲ್ಲಿಸಿ, ಅಥಣಿ ರಸ್ತೆಯ ಸಭಾಭವನಕ್ಕೆ ಬಂದಾಗ ಊಟದ ಗಂಟೆಯಾಗಿತ್ತು. ಮೊದಲ ಸಲ ಅಲ್ಲಿಗೆ ಹೋದದ್ದು. ಬಾಗಿಲಲ್ಲಿ ನಿಂತೆ, ತಲೆಯ ಮೇಲೆ ಹತ್ತಿಯ ಎಳೆ, ಅಂಗಿಯ ಮೇಲೆ ಜೋಳದ ಹಿಟ್ಟು. ತಟ್ಟೆ ಹಿಡಿದಿದ್ದ ರಜಿಯಾ ಓಡಿ ಬಂದಳು.

“ಯಾಕಣ್ಣಾ? ಮನ್ಯಾಗ ಎಲ್ಲಾ ಅರಾಮ ಅದಾರಿಲ್ಲೋ?”

“ಅರಾಮ ಅದಾರ. ರಜಿಯಾ, ಗುರುವಾರ ನಾ ಅವನ ಕಡೆ ಹೋಗಿಲ್ಲ.”

“ಯಾರ ಕಡೆ?”

“ಸಿದ್ರಾಮಪ್ಪನ ಕಡೆ. ಮದಿವಿ ಮನ್ಯಾಗ ಉಂಡು ಮಲಗಿದ್ದೆ. ನಾಯಿ ಮಾತು ನಾ ಹುಟ್ಟಿಸಿ ಹೇಳಿದ್ದು.” ಒಂದೇ ಉಸಿರಿಗೆ ಗಿರಣಿ, ಪುಸ್ತಕ, ಬಿದ್ದ ಛಾವಣಿ ಎಲ್ಲ ಹೇಳಿದೆ. ಬೇಡಿಕೊಳ್ಳಲು ಹೋಗಿದ್ದೆ ಎನ್ನುವುದನ್ನೂ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ನನ್ನನ್ನು ನೋಡಿದಳು. ಗೋಡೆಯೊಳಗೆ ಏಳು ಜನ ಇಲ್ಲ ಎಂದು ಅವಳಿಗೆ ಆ ಹೊತ್ತಿಗೆ ಗೊತ್ತಾದಂತಿತ್ತು. ತಿರುಗಿ ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಸರ್ ಎಲ್ಲರನ್ನೂ ಕೂರಿಸಿ ಫೋನು ಕೈಗೆ ತೆಗೆದುಕೊಳ್ಳುತ್ತಿದ್ದರು. ಅವಳು ಎದ್ದು ನಿಂತಳು.

“ಸರ್, ನನ್ನ ಸುದ್ದಿ ತಗದ ಬಿಡ್ರಿ. ಅದರಾಗಿನ ಸಿದ್ರಾಮಪ್ಪನ ಮಾತು ನಾ ಕೇಳಿಲ್ಲ. ಕೇಳೀನಿ ಅಂತ ಬರದೀನಿ.”

ಸಭೆ ಈ ಸಲ ಕೆಮ್ಮಲಿಲ್ಲ. ಸರ್ ಕನ್ನಡಕ ತೆಗೆದರು. “ನಿನಗ ಯಾರು ಹೇಳಿದ್ರು ಆ ಮಾತು?” ಎಂದರು.

“ನಾ ಕೇಳಿಲ್ಲ ಸರ್,” ಎಂದಳು ಮತ್ತೊಮ್ಮೆ. ನನ್ನ ಹೆಸರು ಹೇಳಲಿಲ್ಲ. ಬಾಗಿಲ ಕಡೆ ಕಣ್ಣೂ ಹಾಯಿಸಲಿಲ್ಲ. ಒಳಗೆ ಹೋಗಿ ‘ನಾನು’ ಎನ್ನಬೇಕಿತ್ತು. ಕಾಲು ಹೊಸ್ತಿಲು ದಾಟಲಿಲ್ಲ. ಒಂದು ವಾರದಲ್ಲಿ ಅದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಾದರೂ ನಿದ್ದೆಯ ನೆಪವಿತ್ತು.

ಮುಂದೆ ಏನಾಯಿತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಭಾನುವಾರದ ಪುಟ ಈರುಳ್ಳಿಯ ಬಗ್ಗೆ ಬರೆದ ಇನ್ನೊಬ್ಬನದಾಯಿತು, ಕಾಯಂ ಜಾಗವೂ ಅವನದೇ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ರಜಿಯಾ ಈಗಲೂ ಬಸ್ಸಿನಲ್ಲೇ ಟಿಕೋಟಾಕ್ಕೆ ಹೋಗುತ್ತಾಳೆ. ಗಿರಣಿಯ ಗ್ರಂಥಾಲಯದ ಸುದ್ದಿ ಹತ್ತು ದಿನದ ಮೇಲೆ ಒಳಪುಟದಲ್ಲಿ ಸಣ್ಣದಾಗಿ ಬಂತು. ಅದರಲ್ಲಿ ಜನರನ್ನು ನಗಿಸುವ ಮಾತು ಒಂದೂ ಇರಲಿಲ್ಲ. ಮನೆಯಲ್ಲಿ ಅವಳು ನನ್ನ ಜತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಆದರೆ ನಾನು ಏನಾದರೂ ಹೇಳಿದರೆ “ಹೌದಾ?” ಎಂದು ಅತ್ತಿಗೆಯ ಮುಖ ನೋಡುತ್ತಾಳೆ. ಬೇಕೆಂದು ಮಾಡುವುದಲ್ಲ, ಅದೀಗ ಅವಳ ಕಸುಬು.

ಆ ಶನಿವಾರ ಮಧ್ಯಾಹ್ನಕ್ಕೆ ಮರಳುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ರಜಿಯಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. “ಗಾಡಿ ತಗಿ” ಎಂದಳು. ನನ್ನ ಪಕ್ಕದಲ್ಲಿ ಕೂಡಲಿಲ್ಲ. ಹಿಂದೆ, ಗಾದಿ ಹಾಕುವ ಜಾಗದಲ್ಲಿ, ಖಾಲಿ ಚೀಲದ ಮೇಲೆ ಕೂತಳು. ಬಬಲೇಶ್ವರದ ದಾರಿಯಲ್ಲಿ ಗಾಡಿ ಕುಣಿದಾಗಲೆಲ್ಲ ಮೆಲ್ಲಗೆ ಮಾಡುತ್ತಿದ್ದೆ.

ಹೆಣ್ಣುಮಗಳು ಪೆನ್ನು ತೆಗೆದದ್ದು ನೋಡಿ ಗುರುಬಾಯಿ ಗಿರಣಿ ನಿಲ್ಲಿಸಿದಳು. ಒಮ್ಮೆಲೇ ಅಷ್ಟು ಶಾಂತವಾಯಿತೆಂದರೆ ನನ್ನ ಉಸಿರು ನನಗೇ ಕೇಳಿಸಹತ್ತಿತು. ರಜಿಯಾ ಮೊದಲು ಅಭ್ಯಾಸ ಪತ್ರಿಕೆಯನ್ನು ಸಿದ್ರಾಮಪ್ಪನ ಕೈಗೆ ಕೊಟ್ಟಳು. ಅವನು ನಿಂತುಕೊಂಡೇ ಕಡೆಯ ತನಕ ಓದಿದ.

“ಇದು ನಾ ಅಂದಿಲ್ಲವಾ.”

“ಗೊತ್ತೈತ್ರಿ. ನಿಮ್ಮ ಬಾಯಿಲೆ ಕೇಳಾಕ ಬಂದೀನಿ.”

“ಯಾರು ಅಂದ್ರು ಹಂಗಾರ?” ಗುರುಬಾಯಿ ಕೇಳಿದಳು.

“ನಾ,” ಎಂದೆ.

“ನೀನಾ? ಮುಂಜಾನೆ ನಮ್ಮ ಚಾ ಕುಡದು ಹೋದ್ಯಲ್ಲೋ!” ಎಂದಳು. ಅವಳ ಬೈಗುಳ ಅಷ್ಟೇ. ಅದಕ್ಕಿಂತ ದೊಡ್ಡದು ಅವಳಿಗೆ ಬೇಕಾಗಲೂ ಇಲ್ಲ.

“ಇರಲಿ ಬಿಡಕ್ಕಾ, ನಾಯಿನೂ ಬರ್ತಾವಲ್ಲ, ಹಿಟ್ಟು ನೆಕ್ಕಾಕ,” ಎಂದು ಸಿದ್ರಾಮಪ್ಪ ನಗಿಸಲು ನೋಡಿದ. ಪಾಳಿಗೆ ಕೂತವರು ನಕ್ಕರು. ರಜಿಯಾ ನಗಲಿಲ್ಲ. ಹೆಸರು, ವಯಸ್ಸು, ಛಾವಣಿ ಬಿದ್ದ ದಿನ, ಅರ್ಜಿ ಕೊಟ್ಟ ದಿನ, ಎಷ್ಟು ಪುಸ್ತಕ ಬಂದವು, ಎಷ್ಟು ನೆನೆದವು, ಒಂದೊಂದೇ ಕೇಳಿದಳು. ಪ್ರತಿ ಉತ್ತರವನ್ನೂ ಬರೆದು ಅವನಿಗೇ ಓದಿ ಹೇಳಿದಳು. ಮುದುಕನನ್ನು ಕೇಳಿದಳು, ಆ ಇಬ್ಬರು ಹೆಂಗಸರನ್ನೂ ಕೇಳಿದಳು. ಆಮೇಲೆ ಒಂದು ಹಾಳೆ ತಿರುಗಿಸಿ, ಅದೇ ದನಿಯಲ್ಲಿ ಕೇಳಿದಳು:

“ಗುರುವಾರ ನಮ್ಮಣ್ಣ ನಿಮ್ಮ ಕಡೆ ಬಂದಿದ್ರೇನ್ರಿ?”

ಸಿದ್ರಾಮಪ್ಪ ನನ್ನ ಮುಖ ನೋಡಿದ. ಒಳ್ಳೆಯ ಮನುಷ್ಯ. ಬಂದಿದ್ದರು ಎಂದುಬಿಡಲೇ ಎಂದು ಕಣ್ಣಲ್ಲೇ ಕೇಳಿದಂತಿತ್ತು. ಬೆಳಿಗ್ಗೆ ನಾನು ಬೇಡಲು ಬಂದದ್ದು ಅದನ್ನೇ ಅಲ್ಲವೇ? ನಾನು ಅಡ್ಡಡ್ಡ ತಲೆಯಾಡಿಸಿದೆ.

“ಇಲ್ಲವಾ,” ಎಂದ. “ಇವತ್ತ ಮುಂಜಾನೆ ಬಂದಿದ್ರು. ಗುರುವಾರ ಬಂದಿಲ್ಲ.”

ರಜಿಯಾ ಅದನ್ನು ಬರೆದುಕೊಂಡಳು. ಉಳಿದ ಉತ್ತರಗಳಂತೆಯೇ ಅದನ್ನೂ ಅವನಿಗೆ ಓದಿ ಹೇಳಿದಳು. ಅವನು ಹೌದೆಂದ. ಆ ಗುರುವಾರದ ಬಗ್ಗೆ ನಾನು ಅವಳಿಗೆ ಹೇಳಿದ್ದರಲ್ಲಿ ಎರಡೂ ಕಡೆ ತಾಳೆಯಾದ ಮಾತು ಅದೊಂದೇ.